ಕುತ್ತಿಗೆಗೆ ಕಣ್ಣಳತೆ ಸಾಲದು

ಸಿಂಧನೂರಿನಿಂದ ರಾಯಚೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಜವಳಗೇರಾ ಎಂಬ ಊರು ಸಿಕ್ಕುತ್ತದೆ. ಅಲ್ಲಿರುವ ಕೇಂದ್ರ ಸರ್ಕಾರದ ಬೀಜೋತ್ಪಾದನಾ ಕ್ಷೇತ್ರದ ದೆಸೆಯಿಂದ ಕೃಷಿ ಇಲಾಖೆಯವರು ಆ ಹೆಸರನ್ನು ಬಲ್ಲರು. ಉಳಿದವರಿಗೆ ಅದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯ ಊರುಗಳಲ್ಲೊಂದು. ನನ್ನ ಸೋದರಮಾವ ಅಲ್ಲಿ ಬಹುಕಾಲದಿಂದ ಟ್ರ್ಯಾಕ್ಟರು ನಡೆಸಿಕೊಂಡು ಬಂದವರು. ಟ್ರ್ಯಾಕ್ಟರಿನ ಮೇಲೆ ಕುಳಿತವನಿಗೆ ಎರಡು ಕೆಲಸ. ಮುಂದೆ ನೋಡಿ ಸಾಲು ಹಿಡಿಯಬೇಕು. ನಿಮಿಷಕ್ಕೆ ಹಲವು ಸಲ ಹಿಂದಕ್ಕೆ ಹೊರಳಿ ನೇಗಿಲು ಎಷ್ಟು ಆಳ ಇಳಿದಿದೆಯೆಂದು ನೋಡಬೇಕು. ಕಳೆದ ವರ್ಷದಿಂದ ಮಾವನಿಗೆ ಆ ಎರಡನೆಯ ಕೆಲಸ ಕಷ್ಟವಾಯಿತು. ಎಡಕ್ಕೆ ಹೊರಳಿದರೆ ಕುತ್ತಿಗೆ ನಡುದಾರಿಯಲ್ಲಿ ನಿಲ್ಲುತ್ತದೆ. ಆಮೇಲೆ ಇಡೀ ಮೈಯನ್ನೇ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಒಮ್ಮೆ ಬದುವಿನ ಮೇಲೆ ಗಾಲಿ ಹತ್ತಿ ಗಾಡಿ ವಾಲಿತಂತೆ.

ಮಾವ ಮೂರು ಕಡೆ ತೋರಿಸಿದರು. ಮೂರೂ ಕಡೆಯ ಚೀಟಿಗಳನ್ನು ನನ್ನ ಮುಂದೆ ಹರಡಿದರು. ಮೊದಲನೆಯದರಲ್ಲಿ ಕುತ್ತಿಗೆಯ ಚಲನೆ ತುಸು ಕಡಿಮೆ ಎಂದು ಬರೆದಿತ್ತು. ಎರಡನೆಯದರಲ್ಲಿ ಬಲಕ್ಕೆ 60, ಎಡಕ್ಕೆ 45 ಡಿಗ್ರಿ ಎಂದಿತ್ತು. ಮೂರನೆಯದರಲ್ಲಿ ಚಲನೆ ಪೂರ್ಣವಾಗಿದೆ, ನೋವು ಮಾತ್ರ ಇದೆ ಎಂದಿತ್ತು. ಮೂರಕ್ಕೂ ನಡುವೆ ಇಪ್ಪತ್ತು ದಿವಸಗಳ ಅಂತರವೂ ಇರಲಿಲ್ಲ. “ಅಳಿಯಾ, ಚೀಟಿ ಮೂರು ಅದಾವು, ಕುತ್ತಿಗಿ ಒಂದೇ ಐತಲ್ಲೋ” ಎಂದರು ಮಾವ. ನಾನು ವೈದ್ಯನಲ್ಲ, ಭೌತಶಾಸ್ತ್ರದ ಉಪನ್ಯಾಸಕ. ಕುತ್ತಿಗೆಗೆ ಏನು ಔಷಧವೆಂದು ಹೇಳಲಾರೆ. ಆದರೆ ಒಂದೇ ವಸ್ತುವಿಗೆ ಮೂರು ಅಳತೆ ಬಂದಾಗ ಏನು ಕೇಳಬೇಕೆಂಬುದನ್ನು ವಿದ್ಯಾರ್ಥಿಗಳಿಗೆ ವರ್ಷವೂ ಕಲಿಸುವುದೇ ನನ್ನ ಕಸಬು. ಕೇಳಬೇಕಾದ ಪ್ರಶ್ನೆ ‘ಯಾವುದು ಸರಿ?’ ಎಂಬುದಲ್ಲ, ‘ಯಾವುದನ್ನು ಯಾವುದರಿಂದ ಅಳೆದರು?’ ಎಂಬುದು. ಅದಕ್ಕೆ ಮೂರು ಚೀಟಿಗಳಲ್ಲಿ ಒಂದರಲ್ಲಿಯೂ ಉತ್ತರವಿರಲಿಲ್ಲ. ಉಪಾಯವನ್ನು ಹೇಳದ ಅಳತೆಯನ್ನು ನಮ್ಮ ಪ್ರಯೋಗಶಾಲೆಯಲ್ಲಿ ಯಾರೂ ಅಳತೆಯೆಂದು ಒಪ್ಪುವುದಿಲ್ಲ. ಕುತ್ತಿಗೆಯ ವಿಷಯದಲ್ಲಿಯೂ ಒಪ್ಪಕೂಡದೆಂಬುದು ನನ್ನ ಅಭಿಪ್ರಾಯ. ಅದನ್ನು ಅಳೆಯುವ ನಾನಾ ಉಪಾಯಗಳಲ್ಲಿ ನಮ್ಮ ಕಡೆಯ ಹಳ್ಳಿಗಳಿಗೆ ಒಪ್ಪುವುದು ಯಾವುದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಕುತ್ತಿಗೆಯು ಬಾಗಿಲಿನ ಕೀಲಿನಂಥದಲ್ಲ; ತೊಡಕೆಲ್ಲ ಹುಟ್ಟುವುದು ಅಲ್ಲಿಂದಲೇ. ಅದರಲ್ಲಿ ಏಳು ಬೆನ್ನೆಲುಬಿನ ಮಣಿಗಳಿವೆ. ತಲೆಬುರುಡೆಯು ಮೊದಲನೆಯ ಮಣಿಯಾದ ಅಟ್ಲಾಸಿನ ಮೇಲೆ ಕುಳಿತಿದೆ. ನಾವು ಹೌದೆಂದು ತಲೆದೂಗುವಾಗ ಅಲ್ಲಿ ಹೆಚ್ಚು ಚಲನೆಯಾಗುತ್ತದೆ. ಅಟ್ಲಾಸು ಎರಡನೆಯ ಮಣಿಯಾದ ಆಕ್ಸಿಸಿನ ಗೂಟವನ್ನು ಸುತ್ತಿ ತಿರುಗುತ್ತದೆ. ಬಲಕ್ಕೂ ಎಡಕ್ಕೂ ಹೊರಳುವ ನಮ್ಮ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ಈ ಒಂದೇ ಸಂದಿನಿಂದ ಬರುತ್ತದೆ. ಉಳಿದ ಅರ್ಧವನ್ನು ಕೆಳಗಿನ ಮಣಿಗಳು ತಲಾ ಕೆಲವು ಡಿಗ್ರಿಗಳಂತೆ ಹಂಚಿಕೊಳ್ಳುತ್ತವೆ. ಹೀಗೆ ಮುಂದಕ್ಕೆ ಬಗ್ಗುವುದು, ಹಿಂದಕ್ಕೆ ಚಾಚುವುದು, ಎಡಬಲ ಭುಜಗಳ ಕಡೆಗೆ ವಾಲುವುದು, ಎಡಬಲಕ್ಕೆ ಹೊರಳುವುದು ಎಂದು ಆರು ಚಲನೆಗಳಾಗುತ್ತವೆ. ಆರೋಗ್ಯವಂತನಾದ ಯುವಕನು ಒಂದೊಂದು ಪಕ್ಕಕ್ಕೆ ಸುಮಾರು 70ರಿಂದ 80 ಡಿಗ್ರಿ ಹೊರಳಬಲ್ಲ, ಸುಮಾರು 45 ಡಿಗ್ರಿ ವಾಲಬಲ್ಲ. ಇಷ್ಟು ಸಂದುಗಳು ಒಟ್ಟಾಗಿ ಚಲಿಸುವುದರಿಂದ ಇಡೀ ಚಲನೆಗೆ ಇಂಥದೇ ಕೇಂದ್ರಬಿಂದುವೆಂದು ಬೆರಳಿಟ್ಟು ತೋರಿಸುವಂತಿಲ್ಲ. ತಲೆ ಬಗ್ಗುತ್ತ ಹೋದಂತೆ ಆ ಕೇಂದ್ರವೂ ಜಾಗ ಬದಲಿಸುತ್ತದೆ.

ಇನ್ನು ಉಪಾಯಗಳಿಗೆ ಬರೋಣ. ಎಲ್ಲಕ್ಕಿಂತ ಹಳೆಯದು, ಇಂದಿಗೂ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು, ಕಣ್ಣಳತೆ. ವೈದ್ಯರು ರೋಗಿಯ ಮುಂದೆ ನಿಂತು ‘ತಿರುಗಿ ನೋಡಿ’ ಎನ್ನುತ್ತಾರೆ, ಅಂದಾಜಿನಿಂದ ಬರೆದುಕೊಳ್ಳುತ್ತಾರೆ. ಬೆಳಿಗ್ಗೆಯಿಂದ ನೂರು ಜನರನ್ನು ನೋಡಬೇಕಾದವರು ಬೇರೇನು ಮಾಡಿಯಾರು? ಒಂದು ಪಕ್ಕ ಇನ್ನೊಂದಕ್ಕಿಂತ ಬಹಳ ಕುಂದಿದ್ದರೆ ಪಳಗಿದ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ. ಆ ಶಕ್ತಿಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಕಣ್ಣು ನಿಂತ ಜಾಗದಿಂದ ಓರೆಯಾಗಿ ನೋಡಿದರೆ ಕೋನವು ಬೇರೆಯಾಗಿ ಕಾಣುವುದು. ಮುಳ್ಳಿನ ನೇರಕ್ಕೆ ಕಣ್ಣಿಡದೆ ಅಳತೆ ಓದಿದ ವಿದ್ಯಾರ್ಥಿಯನ್ನು ನಾವು ಗದರಿಸುವುದು ಇದೇ ಕಾರಣಕ್ಕಲ್ಲವೆ? ಮೇಲಾಗಿ ಮನುಷ್ಯನ ಕಣ್ಣಿಗೆ ದುಂಡು ಅಂಕಿಗಳ ಮೋಹ. ಕಣ್ಣಳತೆಯ ಚೀಟಿಗಳಲ್ಲಿ 45, 60, 90 ಇವೇ ಮತ್ತೆ ಮತ್ತೆ ಬರುತ್ತವೆ. 53 ಎಂಬುದು ಎಂದಾದರೂ ಬಂದೀತೆ?

ಎರಡನೆಯದು ದರ್ಜಿಯ ಟೇಪು. ತಲೆ ಬಗ್ಗಿಸಿದಾಗ ಗದ್ದದ ತುದಿಗೂ ಎದೆಯೆಲುಬಿನ ಮೇಲಣ ಕುಳಿಗೂ ನಡುವೆ ಉಳಿಯುವ ದೂರವನ್ನೋ, ಹೊರಳಿದಾಗ ಗದ್ದಕ್ಕೂ ಭುಜದ ಎಲುಬಿನ ತುದಿಗೂ ಇರುವ ದೂರವನ್ನೋ ಸೆಂಟಿಮೀಟರಿನಲ್ಲಿ ಅಳೆಯುವರು. ಹತ್ತಿಪ್ಪತ್ತು ರೂಪಾಯಿಯ ಸಾಧನ. ಕಲಿಯಲು ಅರ್ಧ ಗಂಟೆ ಸಾಕು. ಆದರೆ ಇದು ಅಳೆಯುವುದು ದೂರವನ್ನು, ಕೋನವನ್ನಲ್ಲ. ಉದ್ದ ಕುತ್ತಿಗೆಯವನಿಗೂ ಗಿಡ್ಡ ಕುತ್ತಿಗೆಯವನಿಗೂ ಅದೇ ಕೋನಕ್ಕೆ ಬೇರೆ ಬೇರೆ ದೂರ ಬರುವುದು. ಒಬ್ಬನಲ್ಲಿಯೇ ಆದರೂ ದೂರವು ಕೋನಕ್ಕೆ ಸಮಪ್ರಮಾಣದಲ್ಲಿ ಬದಲಾಗುವುದಿಲ್ಲ. ಸಾಲದುದಕ್ಕೆ ಬಾಯಿ ತೆರೆದರೆ ಗದ್ದವು ತಾನಾಗಿ ಎದೆಗೆ ಹತ್ತಿರವಾಗುತ್ತದೆ. ಹೀಗಾಗಿ ಒಬ್ಬನನ್ನು ಇನ್ನೊಬ್ಬನೊಂದಿಗೆ ಹೋಲಿಸಲು ಟೇಪು ಬಾರದು. ಅದೇ ಮನುಷ್ಯನನ್ನು ಅವನ ಹಿಂದಿನ ತಿಂಗಳಿನೊಂದಿಗೆ ಹೋಲಿಸಲು, ಬಾಯಿ ಮುಚ್ಚಿಸಿ ಅಳೆದರೆ, ಸಾಕಷ್ಟು ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ.

ಮೂರನೆಯದು ಎರಡು ತೋಳುಗಳ ಕೋನಮಾಪಕ. ಮೊಣಕಾಲು, ಮೊಣಕೈಗಳಿಗೆ ಇದರಂಥ ಸಾಧನ ಇನ್ನೊಂದಿಲ್ಲ. ನಡುವಣ ತಿರುಗಣೆಯನ್ನು ಕೀಲಿನ ಮೇಲಿಟ್ಟು ಎರಡು ತೋಳುಗಳನ್ನು ಎರಡು ಎಲುಬುಗಳ ನೇರಕ್ಕೆ ಹಿಡಿದರಾಯಿತು. ಕುತ್ತಿಗೆಯಲ್ಲಿ ಆ ತಿರುಗಣೆಯನ್ನು ಎಲ್ಲಿಡಬೇಕು? ಬಗ್ಗುವಿಕೆಗೆ ಕಿವಿಯ ರಂಧ್ರದ ಮೇಲೆ, ಹೊರಳುವಿಕೆಗೆ ನೆತ್ತಿಯ ನಡುವೆ ಎಂದು ಪದ್ಧತಿ ಮಾಡಿಕೊಂಡಿದ್ದಾರೆ. ಆದರೆ ಚಲನೆಯ ಕೇಂದ್ರ ಅಲ್ಲಿಲ್ಲ. ಇದ್ದರೂ ನಿಂತಲ್ಲಿ ನಿಲ್ಲುವುದಿಲ್ಲವೆಂದು ಮೇಲೆಯೇ ಹೇಳಿದೆನಷ್ಟೆ. ತಿರುಗಣೆಯನ್ನು ಒಬ್ಬರು ತುಸು ಮುಂದೆ, ಇನ್ನೊಬ್ಬರು ತುಸು ಹಿಂದೆ ಇಟ್ಟರೆ ಅಳತೆಯೂ ಹಾಗೆಯೇ ಹಿಂದುಮುಂದಾಗುವುದು.

ನಾಲ್ಕನೆಯ ಉಪಾಯವನ್ನು ಕುರಿತು ನಾನು ತುಸು ಹೆಚ್ಚು ಬರೆದರೆ ವಾಚಕರು ಕ್ಷಮಿಸಬೇಕು. ಅದು ನನ್ನ ಶಾಸ್ತ್ರಕ್ಕೆ ಹತ್ತಿರದ್ದು. ಗೌಂಡಿಯು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾನೆ. ಗೋಡೆ ಎಲ್ಲಿಯೇ ಇರಲಿ, ದಾರವು ಭೂಮಿಯ ಗುರುತ್ವಕ್ಕೆ ಒಳಗಾಗಿ ನೇರ ಕೆಳಗೆ ತೂಗುತ್ತದೆ. ಒಂದು ಕೋನಮಾಪಕಕ್ಕೆ ಇಂಥ ದಾರವನ್ನು ಕಟ್ಟಿ ಅದನ್ನು ತಲೆಗೆ ಬಿಗಿದರೆ, ತಲೆ ಬಾಗಿದಷ್ಟು ಕೋನಮಾಪಕ ಬಾಗುತ್ತದೆ. ದಾರ ಮಾತ್ರ ಬಾಗದೆ ನಿಂತು ಕೋನವನ್ನು ತೋರಿಸುತ್ತದೆ. ಇದರಲ್ಲಿ ಕೇಂದ್ರಬಿಂದುವನ್ನು ಹುಡುಕುವ ಗೋಜೇ ಇಲ್ಲ. ಅದೇಕೆಂದರೆ, ಒಂದು ಗಟ್ಟಿ ಕಾಯವು 30 ಡಿಗ್ರಿ ತಿರುಗಿತೆಂದರೆ ಅದರ ಪ್ರತಿಯೊಂದು ಭಾಗವೂ 30 ಡಿಗ್ರಿಯೇ ತಿರುಗಿರುತ್ತದೆ; ಯಾವ ಬಿಂದುವನ್ನು ಸುತ್ತಿ ತಿರುಗಿತೆಂಬುದು ಕೋನದ ಮಟ್ಟಿಗೆ ಅಪ್ರಸ್ತುತ. ತಲೆಬುರುಡೆಯು ಗಟ್ಟಿ ಕಾಯ. ಆದುದರಿಂದ ಸಾಧನವನ್ನು ಕಪೋಲದ ಪಕ್ಕದಲ್ಲಿ ಕಟ್ಟಿದರೂ ಒಂದೇ, ಎರಡು ಬೆರಳು ಮೇಲೆ ಕಟ್ಟಿದರೂ ಒಂದೇ. ಕುತ್ತಿಗೆಯಂಥ ಕೇಂದ್ರವಿಲ್ಲದ ಕೀಲಿಗೆ ಇದಕ್ಕಿಂತ ಒಪ್ಪುವ ತತ್ತ್ವ ಇನ್ನೊಂದಿಲ್ಲ. ದಾರದ ಬದಲು ದ್ರವದಲ್ಲಿ ತೇಲುವ ಗುಳ್ಳೆ, ದ್ರವದಲ್ಲಿ ತೂಗುವ ಮುಳ್ಳು, ಹೀಗೆ ಇದರ ರೂಪಗಳು ಹಲವು. ಗೌಂಡಿಯ ರಸಮಟ್ಟವೂ ಇದೇ ಕುಲದ್ದು.

ಆದರೆ ಗುರುತ್ವಕ್ಕೆ ಒಂದು ಕುರುಡುತನವಿದೆ. ನೆಟ್ಟಗೆ ಕುಳಿತವನು ಎಡಕ್ಕೆ ಹೊರಳಿದಾಗ ಅವನ ತಲೆಯು ಲಂಬವಾದ ಅಕ್ಷವನ್ನು ಸುತ್ತಿ ತಿರುಗುತ್ತದೆ. ದಾರವೂ ಲಂಬ, ಅಕ್ಷವೂ ಲಂಬ. ಹೊರಳಿದ್ದು ದಾರಕ್ಕೆ ತಿಳಿಯುವುದೇ ಇಲ್ಲ. ನನ್ನ ಮಾವನಿಗೆ ಬೇಕಾದದ್ದು ಅದೇ ಚಲನೆಯ ಅಳತೆ! ಇದಕ್ಕೆ ಎರಡು ದಾರಿಗಳಿವೆ. ಒಂದು, ದಿಕ್ಸೂಚಿಯನ್ನು ಬಳಸುವುದು. ಅಮೆರಿಕದಲ್ಲಿ ಬಳಕೆಗೆ ಬಂದ, ಕನ್ನಡಕದ ಆಕಾರದ ಒಂದು ಸಾಧನವಿದೆ. ಅದರ ಪಕ್ಕದಲ್ಲೊಂದು ಎದುರಿಗೊಂದು ಗುರುತ್ವದ ಮುಳ್ಳುಗಳಿದ್ದರೆ, ನೆತ್ತಿಯ ಮೇಲೆ ಅಯಸ್ಕಾಂತದ ಮುಳ್ಳಿದೆ. ರೋಗಿಯ ಹೆಗಲಿಗೆ ಒಂದು ಅಯಸ್ಕಾಂತದ ನೊಗವನ್ನೂ ಹಾಕುತ್ತಾರೆ. ಹೆಗಲು ಕೂಡ ಸ್ವಲ್ಪ ತಿರುಗಿದರೆ ಆ ನೊಗವೂ ತಿರುಗಿ, ಮುಳ್ಳನ್ನು ತನ್ನೊಂದಿಗೆ ಒಯ್ದು, ಮೈಯ ತಿರುಗಾಟವನ್ನು ಲೆಕ್ಕದಿಂದ ಕಳೆಯುತ್ತದೆ. ಜಾಣ ಉಪಾಯ. ಇನ್ನೊಂದು ದಾರಿ ಬಡವರದು: ರೋಗಿಯನ್ನು ಅಂಗಾತ ಮಲಗಿಸುವುದು. ಮಲಗಿದವನು ಕತ್ತು ಹೊರಳಿಸಿದರೆ ಅಕ್ಷವು ಅಡ್ಡವಾಗಿರುತ್ತದೆ. ಆಗ ನೆತ್ತಿಗೆ ಕಟ್ಟಿದ ಅದೇ ದಾರ, ಅದೇ ಕೋನಮಾಪಕ ಹೊರಳಿದ್ದನ್ನೂ ತೋರಿಸುತ್ತವೆ. ಮಲಗಿದಾಗ ತಲೆಯ ಭಾರವನ್ನು ಸ್ನಾಯುಗಳು ಹೊರಬೇಕಾಗಿಲ್ಲವಾದ ಕಾರಣ ಕುಳಿತಾಗಿನ ಅಳತೆಗೂ ಇದಕ್ಕೂ ತುಸು ಭೇದವಾಗಬಹುದು. ಆದುದರಿಂದಲೇ ಮಲಗಿಸಿ ಅಳೆದದ್ದನ್ನು ಮಲಗಿಸಿ ಅಳೆದದ್ದರೊಂದಿಗೆ ಮಾತ್ರ ಹೋಲಿಸಬೇಕು.

ಈಗ ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಫೋನಿದೆ. ಅದರೊಳಗೆ ಗುರುತ್ವವನ್ನು ಅರಿಯುವ ಸಾಧನವೂ ಉಂಟು, ದಿಕ್ಸೂಚಿಯೂ ಉಂಟು. ಕುತ್ತಿಗೆ ಅಳೆಯಲು ಅದೊಂದೇ ಸಾಲದೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಬಾಗುವುದಕ್ಕೂ ವಾಲುವುದಕ್ಕೂ ಸಾಕು. ಅದು ದಾರ ಗುಂಡುಗಳದೇ ತತ್ತ್ವ. ಹೊರಳುವುದಕ್ಕೆ ಫೋನಿನ ದಿಕ್ಸೂಚಿಯನ್ನು ನಂಬಲು ನಾನು ಹಿಂಜರಿಯುತ್ತೇನೆ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಅಡ್ಡ ಅಂಶವು ಸುಮಾರು 40 ಮೈಕ್ರೊಟೆಸ್ಲಾ. ಅಷ್ಟು ದುರ್ಬಲವಾದುದನ್ನು ಕೆಡಿಸಲು ಒಂದು ಕಬ್ಬಿಣದ ಮಂಚ ಸಾಕು. ಕಾಂತದ ಪ್ರಯೋಗ ನಡೆಯುವ ದಿನ ಕಬ್ಬಿಣದ ಸ್ಟೂಲುಗಳನ್ನು ನಾವು ಮೇಜಿನಿಂದ ದೂರ ಸರಿಸುವುದು ಇದಕ್ಕಾಗಿಯೇ. ಆಸ್ಪತ್ರೆಯ ಕೋಣೆಯಲ್ಲಿ ಮಂಚ, ಕುರ್ಚಿ, ಕಪಾಟು ಎಲ್ಲವೂ ಕಬ್ಬಿಣದವು. ಅಲ್ಲಿ ತಲೆ ತಿರುಗಿದಂತೆ ಫೋನು ಒಂದು ಕಬ್ಬಿಣದಿಂದ ದೂರವಾಗಿ ಇನ್ನೊಂದಕ್ಕೆ ಹತ್ತಿರವಾಗುತ್ತದೆ. ಮುಳ್ಳು ಕುತ್ತಿಗೆಯ ಮಾತನ್ನು ಬಿಟ್ಟು ಕಪಾಟಿನ ಮಾತನ್ನು ಕೇಳತೊಡಗುತ್ತದೆ.

ಕ್ಷ-ಕಿರಣದ ಚಿತ್ರವೊಂದೇ ಒಂದೊಂದು ಮಣಿಯ ಚಲನೆಯನ್ನು ಬಿಡಿಬಿಡಿಯಾಗಿ ತೋರಿಸಬಲ್ಲುದು. ಎಲುಬು ಏನಾಗಿದೆಯೆಂದು ತಿಳಿಯಲು ಅದು ಬೇಕು. ಆದರೆ ಚಲನೆ ಎಷ್ಟು ಹೆಚ್ಚಿತೆಂದು ತಿಂಗಳಿಗೊಮ್ಮೆ ನೋಡುವ ಸಲುವಾಗಿ ಯಾರಿಗೂ ಕಿರಣಗಳನ್ನು ಹಾಯಿಸಕೂಡದು.

ಈ ಉಪಾಯಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿದ್ದಾರೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಯೂಡಾಸ್ ಮತ್ತು ಅವರ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕುತ್ತಿಗೆಯ ತೊಂದರೆಯಿದ್ದ 60 ಮಂದಿಯನ್ನು ಕಣ್ಣಳತೆ, ಎರಡು ತೋಳಿನ ಕೋನಮಾಪಕ, ಮೇಲೆ ಹೇಳಿದ ಕನ್ನಡಕದಂಥ ಸಾಧನ ಇವುಗಳಿಂದ ಅಳೆಸಿದರು. ಒಬ್ಬನೇ ಪರೀಕ್ಷಕನು ಎರಡು ಸಲ ಅಳೆದಾಗ ಕೋನಮಾಪಕವೂ ಆ ಸಾಧನವೂ ಚೆನ್ನಾಗಿಯೇ ಹೊಂದಿಕೊಂಡವು. ಪರೀಕ್ಷಕರು ಬದಲಾದಾಗಲೇ ಬಣ್ಣ ಬಯಲಾದದ್ದು. ಪೂರ್ಣ ಹೊಂದಾಣಿಕೆಯನ್ನು 1 ಎಂದಿಟ್ಟುಕೊಂಡರೆ, ಕಣ್ಣಳತೆಯೂ ಕೋನಮಾಪಕವೂ ಸಾಮಾನ್ಯವಾಗಿ 0.80ಕ್ಕಿಂತ ಕೆಳಗಿಳಿದವು, ಗುರುತ್ವ ಮತ್ತು ಅಯಸ್ಕಾಂತದ ಸಾಧನವು ಮೇಲೆಯೇ ಉಳಿಯಿತು. ನಮ್ಮ ಊರುಗಳಿಗೆ ಇದರ ಅರ್ಥ ಸ್ಪಷ್ಟ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ತಿಂಗಳು ಇದ್ದ ವೈದ್ಯರು ಮುಂದಿನ ತಿಂಗಳು ಇರುತ್ತಾರೆಂಬ ಭರವಸೆ ಇಲ್ಲ. ರೋಗಿ ಒಬ್ಬನೇ, ನೋಡುವವರು ಮೂವರು. ಹೀಗಿರುವಲ್ಲಿ ನೋಡುವವರು ಬದಲಾದರೂ ಬದಲಾಗದಂಥ ಉಪಾಯ ಬೇಕು.

ನನ್ನದೇ ಕುತ್ತಿಗೆಯ ಮೇಲೂ ಒಂದು ಮಧ್ಯಾಹ್ನ ಪ್ರಯೋಗ ಮಾಡಿಸಿಕೊಂಡೆ. ಬಲಕ್ಕೆ ಹೊರಳಿದ್ದನ್ನು ನೋಡಿ ಒಬ್ಬ ಸಹೋದ್ಯೋಗಿ 60 ಎಂದರು, ಇನ್ನೊಬ್ಬರು 80 ಎಂದರು. ಎರಡು ತೋಳಿನ ಕೋನಮಾಪಕದಲ್ಲಿ 66, 74 ಬಂದವು. ಬೆಂಚಿನ ಮೇಲೆ ಮಲಗಿಸಿ, ಕಂಪಾಸು ಪೆಟ್ಟಿಗೆಯ ಕೋನಮಾಪಕ, ಹೊಲಿಗೆಯ ದಾರ, ಒಂದು ಕಬ್ಬಿಣದ ನಟ್ಟು ಇವಿಷ್ಟನ್ನು ಪಟ್ಟಿಯಿಂದ ನೆತ್ತಿಗೆ ಬಿಗಿದು ಅಳೆದಾಗ 71, 73 ಬಂದವು. ಒಂದು ಕುತ್ತಿಗೆಯಿಂದ ಶಾಸ್ತ್ರವಾಗದು, ನಿಜ. ಆದರೆ ನಟ್ಟು ತೂಗಾಡುವುದು ನಿಲ್ಲುವ ತನಕ ಕಾಯಬೇಕು, ದಾರವು ಕೋನಮಾಪಕಕ್ಕೆ ತಾಗಿ ತಡೆಯಬಾರದು ಎಂಬ ಎರಡು ಪಾಠಗಳನ್ನು ಅಂದೇ ಕಲಿತೆವು. ಮೂರನೆಯ ಪಾಠವನ್ನು ನೆನಪಿಸಿದವನು ಒಬ್ಬ ವಿದ್ಯಾರ್ಥಿ: “ಸರ್, ಸೊನ್ನೆ ಎಲ್ಲಿದೆ?” ಮೊದಲು ತಲೆ ನೆಟ್ಟಗಿತ್ತೆಂದು ಹೇಳುವವರಾರು? ಸ್ಕ್ರೂಗೇಜಿಗೆ ಶೂನ್ಯದೋಷವಿರುವಂತೆ ಕುತ್ತಿಗೆಗೂ ಉಂಟು. ನೋವಿರುವವನು ತಲೆಯನ್ನು ಅರಿಯದೆಯೇ ಒಂದು ಪಕ್ಕಕ್ಕೆ ಹಿಡಿದಿರುತ್ತಾನೆ. ಎಡದ ಕೊನೆಯಿಂದ ಬಲದ ಕೊನೆಯವರೆಗಿನ ಒಟ್ಟು ಕೋನವನ್ನು ತೆಗೆದುಕೊಂಡರೆ ಸೊನ್ನೆ ಎಲ್ಲಿದ್ದರೂ ಬಾಧೆಯಿಲ್ಲ. ಬಿಡಿ ಅಂಕಿಗಳ ಜತೆಗೆ ಆ ಮೊತ್ತವನ್ನೂ ಬರೆಯಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ವಯಸ್ಸಿನ ಲೆಕ್ಕವನ್ನೂ ಮರೆಯಬಾರದು. ಅದೇ ಯೂಡಾಸ್ ಮತ್ತು ಸಂಗಡಿಗರು 1992ರಲ್ಲಿ 11ರಿಂದ 97 ವರ್ಷದವರೆಗಿನ 337 ಆರೋಗ್ಯವಂತರ ಕುತ್ತಿಗೆಗಳನ್ನು ಅಳೆದು, ಹತ್ತು ವರ್ಷಗಳಿಗೊಮ್ಮೆ ಹಿಂದಕ್ಕೆ ಚಾಚುವ ಶಕ್ತಿ ಸುಮಾರು 5 ಡಿಗ್ರಿ, ಉಳಿದವು ಸುಮಾರು 3 ಡಿಗ್ರಿ ಕುಗ್ಗುತ್ತವೆಂದು ಕಂಡರು. ಐವತ್ತು ದಾಟಿದ ನನ್ನ ಮಾವನನ್ನು ಪಠ್ಯಪುಸ್ತಕದ ಇಪ್ಪತ್ತರ ಯುವಕನೊಂದಿಗೆ ಹೋಲಿಸುವುದು ಅನ್ಯಾಯ.

ಇಷ್ಟೆಲ್ಲ ಚರ್ಚೆ ಒಬ್ಬ ಟ್ರ್ಯಾಕ್ಟರು ಚಾಲಕನ ಸಲುವಾಗಿಯೇ ಎಂದು ಕೇಳಬಹುದು. ಅಲ್ಲ. ಮಾವ ಜವಳಗೇರಾಕ್ಕೆ ಬರುವ ಮುನ್ನ ಮಸ್ಕಿಯ ಆಚೆಯ ಹಳ್ಳಿಯೊಂದರಲ್ಲಿ ಬೆಳೆದವರು. ಅಲ್ಲಿ ಕಾಲುವೆಯಿರಲಿಲ್ಲ, ಕುಡಿಯುವುದು ಕೊಳವೆ ಬಾವಿಯ ನೀರು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳಲ್ಲಿ, ಮುಖ್ಯವಾಗಿ ಲಿಂಗಸುಗೂರು, ಮಸ್ಕಿಗಳ ಕಡೆಯ ಹಳೆಯ ಗ್ರಾನೈಟ್ ಮತ್ತು ನೈಸ್ ಬಂಡೆಗಳ ನೆಲದಲ್ಲಿ, ಅಂತರ್ಜಲದ ಫ್ಲೋರೈಡು ಮಿತಿಮೀರಿದೆ. ಆ ಬಂಡೆಗಳಲ್ಲಿ ಫ್ಲೋರೀನುಳ್ಳ ಖನಿಜಗಳಿವೆ. ಕ್ಷಾರಗುಣದ, ಸುಣ್ಣದಂಶ ಕಡಿಮೆಯಿರುವ ನೀರು ಅವುಗಳೊಂದಿಗೆ ಬಹುಕಾಲ ಕೂಡಿದ್ದರೆ ಫ್ಲೋರೈಡು ಕರಗಿ ಬರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಇರಬಹುದು; ಬೇರೆ ನೀರಿಲ್ಲದ ಪಕ್ಷದಲ್ಲಿ 1.5ರವರೆಗೆ ಸಹಿಸಬಹುದು. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತದೆ. ಮುಂದೆ ಎಲುಬುಗಳು ಮಂದವಾಗಿ, ಅವುಗಳನ್ನು ಕಟ್ಟಿಹಿಡಿದ ತಂತುಗಳು ಸುಣ್ಣಗಟ್ಟಿ, ಕುತ್ತಿಗೆ, ಬೆನ್ನು, ಮೊಣಕಾಲುಗಳು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ರೋಗವನ್ನು 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಮೊದಲು ವರ್ಣಿಸಿದರು.

ಇದನ್ನು ತಡೆಯಲು 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ಹಳ್ಳಿಗಳಲ್ಲಿ ರೋಗದ ಸಂಶಯವಿರುವವರನ್ನು ಗುರುತಿಸಲು ಮೂರು ಸರಳ ಪರೀಕ್ಷೆಗಳು ಬಳಕೆಯಲ್ಲಿವೆ. ಮೊಣಕಾಲು ಮಡಿಸದೆ ಬಗ್ಗಿ ನೆಲದ ನಾಣ್ಯವನ್ನು ಎತ್ತಿಕೊಳ್ಳುವುದು, ಕೈಗಳನ್ನು ಮಡಿಸಿ ತಲೆಯ ಹಿಂಬದಿಯನ್ನು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು. ಗದ್ದ ತಾಗದಿದ್ದರೆ ಸಂಶಯ. ಸಾಧನವೇ ಬೇಡದ, ಕ್ಷಣದಲ್ಲಿ ಮುಗಿಯುವ ಈ ಜರಡಿಯನ್ನು ನಾನು ಮೆಚ್ಚುತ್ತೇನೆ. ನನ್ನ ತಕರಾರು ಜರಡಿಯ ಮೇಲಲ್ಲ, ಜರಡಿ ಹಿಡಿದ ಮೇಲೆ ಏನನ್ನೂ ಬರೆಯದೆ ಬಿಡುವುದರ ಮೇಲೆ. ‘ತಾಗಿತು’, ‘ತಾಗಲಿಲ್ಲ’ ಎಂದು ಎರಡೇ ಮಾತು. ಒಬ್ಬನ ಗದ್ದ ಎದೆಯಿಂದ 1 ಸೆಂಟಿಮೀಟರು ದೂರ ಉಳಿಯಿತು, ಇನ್ನೊಬ್ಬನದು 6, ಇಬ್ಬರೂ ‘ತಾಗಲಿಲ್ಲ’. ಊರಿಗೆ ನದಿಯ ನೀರು ಬಂದು ಎರಡು ವರ್ಷದ ಮೇಲೆ ಆ 6 ಸೆಂಟಿಮೀಟರು 3ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ದಾಖಲೆಯಲ್ಲಿ ಆಗಲೂ ‘ತಾಗಲಿಲ್ಲ’. ಇಳಿಯದೆ 9ಕ್ಕೆ ಏರಿದರೂ ‘ತಾಗಲಿಲ್ಲ’. ಒಳ್ಳೆಯ ನೀರಿನಿಂದ ಆ ಮನುಷ್ಯನಿಗೆ ಹಿತವಾಯಿತೋ ಇಲ್ಲವೋ ಎಂಬ ಪ್ರಶ್ನೆಗೆ ಹೀಗೆ ಬರೆದ ಪುಸ್ತಕವು ಎಂದಿಗೂ ಉತ್ತರ ಕೊಡಲಾರದು. ಗದ್ದ ಎದೆಗೆ ತಾಗಿಯೂ ಹಿಂದಕ್ಕೆ ಚಾಚುವುದಾಗಲಿ, ಪಕ್ಕಕ್ಕೆ ಹೊರಳುವುದಾಗಲಿ ಕುಂದಿರುವವನು ಜರಡಿಯಿಂದ ಜಾರಿಹೋಗುವನು. ಮುಪ್ಪಿನಿಂದಲೋ ಮೂಟೆ ಹೊತ್ತು ಸವೆದ ಮಣಿಗಳಿಂದಲೋ ಕುತ್ತಿಗೆ ಬಿಗಿದ ಹಮಾಲನು ಅದರಲ್ಲಿ ಸಿಕ್ಕಿಬೀಳುವನು. ಇವರನ್ನು ಬೇರ್ಪಡಿಸುವುದು ನೀರು, ಮೂತ್ರಗಳ ಪರೀಕ್ಷೆ, ಎಲುಬಿನ ಚಿತ್ರ, ವೈದ್ಯರ ವಿವೇಕ ಇವುಗಳ ಕೆಲಸ. ಡಿಗ್ರಿಯು ರೋಗದ ಹೆಸರನ್ನು ಹೇಳುವುದಿಲ್ಲ. ರೋಗ ಮುಂದೆ ಹೋಯಿತೋ ಹಿಂದೆ ಬಂತೋ ಎಂಬುದನ್ನು ಹೇಳಲು ಮಾತ್ರ ಅಂಕಿಯಿಲ್ಲದೆ ಗತಿಯಿಲ್ಲ.

ಆದುದರಿಂದ ನಾನು ಬೇಡುವುದು ಇಷ್ಟೇ. ಜರಡಿಯಲ್ಲಿ ಸಿಕ್ಕವರಿಗೆಲ್ಲ ಒಂದು ಚೀಟಿ ಇರಲಿ. ಗದ್ದ-ಎದೆಗಳ ದೂರವನ್ನು ಬಾಯಿ ಮುಚ್ಚಿಸಿ ಟೇಪಿನಿಂದ ಅಳೆದು ಬರೆಯಲಿ. ಇದನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯೂ ಮಾಡಬಲ್ಲಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾರಗುಂಡಿನ ಕೋನಮಾಪಕವೊಂದಿರಲಿ. ರೋಗಿಯನ್ನು ನೇರ ಬೆನ್ನಿನ ಕುರ್ಚಿಯಲ್ಲಿ ಕೂರಿಸಿ, ಎದೆಯನ್ನು ಒಂದು ಪಂಚೆಯಿಂದ ಕುರ್ಚಿಗೆ ಸಡಿಲವಾಗಿ ಕಟ್ಟಿ, ಬಗ್ಗುವುದನ್ನೂ ವಾಲುವುದನ್ನೂ ಅಳೆಯಲಿ. ಹೊರಳುವುದನ್ನು ಬೆಂಚಿನ ಮೇಲೆ ಮಲಗಿಸಿ ಅಳೆಯಲಿ. ಮೊದಲನೆಯ ಸಲಕ್ಕಿಂತ ಮೂರನೆಯ ಸಲ ಕುತ್ತಿಗೆ ಹೆಚ್ಚು ಸಡಿಲವಾಗುವುದುಂಟು. ಆದುದರಿಂದ ಪ್ರತಿ ಸಲವೂ ಮೂರು ಬಾರಿ ಅಳೆದು ಸರಾಸರಿ ತೆಗೆಯಬೇಕು. ಬೆಳಿಗ್ಗೆ ಅಳೆದವರನ್ನು ಮುಂದೆಯೂ ಬೆಳಿಗ್ಗೆಯೇ ಅಳೆಯಬೇಕು. ಅಂಕಿಯ ಪಕ್ಕದಲ್ಲಿ ‘ಟೇಪು’, ‘ದಾರ, ಮಲಗಿ’ ಎಂದು ಉಪಾಯದ ಹೆಸರು ತಪ್ಪಬಾರದು. ರೋಗಿಯು ತಾನಾಗಿ ತಿರುಗಿಸಿದಷ್ಟನ್ನೇ ಅಳೆಯಬೇಕು. ಕೈಹಚ್ಚಿ ಒತ್ತಿ ತಿರುಗಿಸುವುದು ಅಪಾಯ. ಬಿದ್ದು ಪೆಟ್ಟಾದವರ ಕುತ್ತಿಗೆಯನ್ನು ಅಳೆಯುವ ಮಾತೇ ಬೇಡ. ಕೈಕಾಲುಗಳಲ್ಲಿ ಜೋಮು, ಬಲಹೀನತೆ ಕಂಡವರನ್ನು ಅಳತೆಗೆ ಕಾಯಿಸದೆ ವೈದ್ಯರ ಬಳಿಗೆ ಕಳುಹಿಸಬೇಕು. ಬಿಗಿದ ಎಲುಬು ಬೆನ್ನುಹುರಿಯನ್ನು ಅಮುಕುತ್ತಿರಬಹುದು.

ಇದಕ್ಕೆಲ್ಲ ಸಮಯವೆಲ್ಲಿ ಎಂದು ವೈದ್ಯಮಿತ್ರರೊಬ್ಬರು ನಕ್ಕರು. ಹತ್ತು ನಿಮಿಷವಾದರೂ ಬೇಕು, ಒಪ್ಪಿದೆ. ಆದರೆ ರಕ್ತದೊತ್ತಡವನ್ನು ಯಾರಾದರೂ ‘ತುಸು ಹೆಚ್ಚು’ ಎಂದು ಬರೆದರೆ ಅದೇ ಮಿತ್ರರು ಒಪ್ಪುವರೆ? ಅಲ್ಲಿ ಅಂಕಿ ಬೇಕೆನ್ನುವವರು ಇಲ್ಲಿ ಬೇಡವೆನ್ನುವುದಕ್ಕೆ ಅಭ್ಯಾಸವೊಂದೇ ಕಾರಣವೆಂದು ನನಗೆ ತೋರುತ್ತದೆ.

ಮಾವನ ಚೀಟಿಯನ್ನು ನಾನೇ ಆರಂಭಿಸಿದೆ. ಮಾಘದಲ್ಲಿ ಮಲಗಿಸಿ ಅಳೆದಾಗ ಬಲಕ್ಕೆ 52, ಎಡಕ್ಕೆ 39, ಒಟ್ಟು 91 ಬಂದಿತು. ಆಮೇಲೆ ಅವರು ವಾರಕ್ಕೆರಡು ದಿನ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ, ಕೂಲಿ ಕಳೆದುಕೊಂಡು, ವ್ಯಾಯಾಮ ಚಿಕಿತ್ಸೆ ಮಾಡಿಸಿಕೊಂಡರು. ನಾಲ್ಕು ತಿಂಗಳಾದ ಮೇಲೆ ಚಿಕಿತ್ಸೆಯ ಚೀಟಿಯಲ್ಲಿ ‘ಬಹಳ ಸುಧಾರಿಸಿದೆ’ ಎಂದು ಬರೆದು ಕೊಟ್ಟರು. ಮಾವನಿಗೂ ನೋವು ಕಡಿಮೆಯಾಗಿತ್ತು, ಅದು ನಿಜ. ನಾನು ಅದೇ ಬೆಂಚಿನ ಮೇಲೆ, ಅದೇ ಹೊತ್ತಿನಲ್ಲಿ ಅಳೆದೆ: ಬಲಕ್ಕೆ 54, ಎಡಕ್ಕೆ 41, ಒಟ್ಟು 95. ನಾಲ್ಕು ಡಿಗ್ರಿ ಹೆಚ್ಚು. ನಾನು ಅವರನ್ನು ಒಂದೇ ದಿನ ಎರಡು ಸಲ ಅಳೆದಾಗಲೂ ಮೊತ್ತದಲ್ಲಿ ಐದು ಡಿಗ್ರಿಯವರೆಗೆ ಹೆಚ್ಚುಕಡಿಮೆ ಬಂದದ್ದುಂಟು. ಆದುದರಿಂದ ಇದನ್ನು ಸುಧಾರಣೆಯೆಂದು ಬರೆಯಲು ನನ್ನ ಕೈ ಏಳಲಿಲ್ಲ. ಹಾಗೆಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. “ನೋವು ಕಡಿಮಿ ಆಗೇತಿ, ಹೊರಳೋದು ಆಗಿಲ್ಲ. ಹಂಗಾದ್ರ ಕನ್ನಡಿ ಹಾಕಸ್ತೀನಿ” ಎಂದರು.

ಈಗ ಟ್ರ್ಯಾಕ್ಟರಿನ ಎಡಗಡೆ ಲಾರಿಯದೊಂದು ದೊಡ್ಡ ಕನ್ನಡಿ ಇದೆ. ನೇಗಿಲು ಅದರಲ್ಲಿ ಕಾಣುತ್ತದೆ. ಹಳ್ಳಿಯ ಹಳೆಯ ಕೊಳವೆ ಬಾವಿಯ ನೀರನ್ನು ಶೀಶೆಯಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿದ್ದೇವೆ. ಮೊಣಕೈ ಕೆಳಗಿನ ಎಲುಬುಗಳ ಚಿತ್ರ ತೆಗೆಸಲು ವೈದ್ಯರು ಹೇಳಿದ್ದಾರೆ. ಮುಂದಿನ ಅಳತೆ ದೀಪಾವಳಿಯ ಸುಮಾರಿಗೆ, ಭತ್ತದ ಕೊಯ್ಲಿಗೆ ಮುಂಚೆ.